ಊರಿಗೊಂದು ಆಫೀಸಿದ್ದ ಕಾಲ

ಯಲಹಂಕವನ್ನು ಬೆಂಗಳೂರು ನುಂಗಿ ಹಾಕಿತು ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. ಯಾವುದೋ ಹಳ್ಳಿ ಪಟ್ಟಣದ ಬಾಯಿಗೆ ಬಿದ್ದ ಕಥೆಯ ಧಾಟಿಯಲ್ಲಿ ಬರೆದಿರುತ್ತಾರೆ. ನಮ್ಮೂರಿನ ಕಥೆ ಹಾಗಿಲ್ಲ. ಬೆಂಗಳೂರು ಪೇಟೆ ಹುಟ್ಟುವ ಮೊದಲೇ ಯಲಹಂಕ ಒಂದು ನಾಡಿನ ರಾಜಧಾನಿ. ಚೋಳರ ಕಾಲದ ತಮಿಳು ಶಾಸನಗಳು ಈ ಸೀಮೆಯನ್ನು ಇಲೈಪಾಕ್ಕ ನಾಡು ಎಂದು ಕರೆದಿವೆ. ಆವತಿಯ ಕಡೆಯಿಂದ ಬಂದ ನಾಡಪ್ರಭುಗಳು ವಿಜಯನಗರದ ಸಾಮಂತರಾಗಿ ಇಲ್ಲಿಂದ ಆಳಿದರು. ಅವರಲ್ಲಿ ಕೆಂಪೇಗೌಡರು 1537ರಲ್ಲಿ ದಕ್ಷಿಣಕ್ಕೆ ಹೋಗಿ ಹೊಸ ಪೇಟೆ ಕಟ್ಟಿಸಿ, ಮಣ್ಣಿನ ಕೋಟೆ ಹಾಕಿಸಿ, ರಾಜಧಾನಿಯನ್ನೂ ಅಲ್ಲಿಗೇ ಒಯ್ದರು. ಆ ಪೇಟೆಯ ಬಡಗಣ ಬಾಗಿಲಿಗೆ ಯಲಹಂಕ ಬಾಗಿಲು ಎಂದು ಹೆಸರಾಯಿತು. ಬಾಗಿಲು ಹೋಗಿ ಎಷ್ಟೋ ಕಾಲವಾಯಿತು. ಮೈಸೂರು ಬ್ಯಾಂಕ್ ವೃತ್ತದ ಹತ್ತಿರ ಯಲಹಂಕ ಗೇಟ್ ಆಂಜನೇಯಸ್ವಾಮಿ ಗುಡಿ ಇದೆ. ಅದರ ಮುಂದೆ ದಿನವೂ ಓಡಾಡುವ ಎಷ್ಟೋ ಮಂದಿಗೆ ಆ ಹೆಸರು ಅಲ್ಲಿಗೆ ಹೇಗೆ ಬಂತೆಂದು ಗೊತ್ತಿಲ್ಲ.

ಈ ಇತಿಹಾಸವನ್ನು ಹೆಮ್ಮೆಗೆ ಹೇಳುತ್ತಿಲ್ಲ. ನಮ್ಮೂರಿನ ಗತಿ ಏನಾಗಬೇಕೆಂದು ಊರಿನವರಲ್ಲದವರು ತೀರ್ಮಾನಿಸುವುದು ಅಲ್ಲಿಂದಲೇ ಶುರುವಾಯಿತು ಎಂಬುದಕ್ಕೆ ಹೇಳುತ್ತಿದ್ದೇನೆ. ರಾಜಧಾನಿ ಹೋದ ಮೇಲೆ ಯಲಹಂಕ ಹೋಬಳಿ ಕೇಂದ್ರವಾಗಿ, ಬಳ್ಳಾರಿ ರಸ್ತೆ ಮತ್ತು ದೊಡ್ಡಬಳ್ಳಾಪುರ ರಸ್ತೆ ಕವಲೊಡೆಯುವ ಜಾಗವಾಗಿ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು ಬಂತು. 1963ರಲ್ಲಿ ವಾಯುಪಡೆಯ ನೆಲೆ ಬಂತು. 1984ರಲ್ಲಿ ಗಾಲಿ ಕಾರ್ಖಾನೆ, ಅದರ ಆಸುಪಾಸಿನಲ್ಲೇ ಗೃಹಮಂಡಳಿಯ ಉಪನಗರ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಇದರಲ್ಲಿ ಯಾವುದನ್ನೂ ಯಲಹಂಕದವರು ಬೇಕೆಂದು ಕೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಪ್ರತಿಯೊಂದೂ ಬಂದು ಕೂತಾಗ ಊರು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಿತು.

ನಮ್ಮ ಮನೆಯವರು ಬಂದದ್ದು ಗಾಲಿ ಕಾರ್ಖಾನೆಯ ದೆಸೆಯಿಂದ. ಎಂಬತ್ತರ ದಶಕದ ನಡುವೆ ಅಪ್ಪನಿಗೆ ಅಲ್ಲಿ ಕೆಲಸವಾಯಿತು. ನಾನಾಗ ಪ್ರೈಮರಿ ಶಾಲೆಯ ಹುಡುಗ. ಈಗದರ ಅಧಿಕೃತ ಹೆಸರು ರೈಲ್ ವ್ಹೀಲ್ ಫ್ಯಾಕ್ಟರಿ. ನಮಗೆಲ್ಲ ಅದು ‘ವೀಲ್ ಅಂಡ್ ಆಕ್ಸಲ್’. ಆಟೋದವರಿಗೆ ಈಗಲೂ ಹಾಗೆಂದರೆ ಬೇಗ ಅರ್ಥವಾಗುತ್ತದೆ. ಅದಕ್ಕೆ ಮುಂಚೆ ಭಾರತೀಯ ರೈಲ್ವೆ ತನಗೆ ಬೇಕಾದ ಗಾಲಿಗಳಲ್ಲಿ ಬಹಳಷ್ಟನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿತ್ತು. ಇಲ್ಲಿ ಮಾಡಿದ್ದು ಎರಕದ ಗಾಲಿ. ಸವೆದ ಗಾಲಿ, ಮುರಿದ ಆಕ್ಸಲ್, ಹಳಿಯ ತುಂಡು ಎಲ್ಲ ವಿದ್ಯುತ್ ಕುಲುಮೆಗೆ ಹೋಗಿ ಕರಗುತ್ತವೆ. ಕರಗಿದ ಉಕ್ಕನ್ನು ಮೇಲಿಂದ ಅಚ್ಚಿಗೆ ಸುರಿಯುವುದಿಲ್ಲ. ಉಕ್ಕು ತುಂಬಿದ ದೊಡ್ಡ ಪಾತ್ರೆಯನ್ನು ತೊಟ್ಟಿಯೊಳಗಿಟ್ಟು, ಮುಚ್ಚಳ ಬಿಗಿದು, ಒಳಗೆ ಗಾಳಿಯ ಒತ್ತಡ ಕೊಡುತ್ತಾರೆ. ಆಗ ಉಕ್ಕು ಪಿಂಗಾಣಿ ಕೊಳವೆಯೊಂದರ ಮೂಲಕ ತಾನೇ ಮೇಲೇರಿ, ಮೇಲೆ ಕೂರಿಸಿದ ಗ್ರಾಫೈಟ್ ಅಚ್ಚನ್ನು ಕೆಳಗಿನಿಂದ ತುಂಬುತ್ತದೆ. ಹಾಗೆ ನಿಧಾನಕ್ಕೆ ಏರಿ ಬಂದರೆ ಗಾಲಿಯೊಳಗೆ ಗಾಳಿ ಗುಳ್ಳೆ ಉಳಿಯುವುದಿಲ್ಲ, ಕಸ ಸೇರುವುದಿಲ್ಲ. ಅಚ್ಚು ಬಿಚ್ಚಿದಾಗ ಕೆಂಪಗೆ ಉರಿಯುತ್ತಿರುವ ಗಾಲಿ ಹೊರಗೆ ಬರುತ್ತದೆ. ಅದರ ಮೈಮೇಲೆ ಗುರುತಿನ ಸಂಖ್ಯೆ ಇರುತ್ತದೆ. ಯಾವ ಊರಿನ ಸ್ಟೇಷನ್ನಿನಲ್ಲಿ ನಿಂತರೂ ಅಪ್ಪ ಪ್ಲಾಟ್‌ಫಾರಂ ಅಂಚಿಗೆ ಬಗ್ಗಿ ಬೋಗಿಯ ಗಾಲಿಯ ಮೇಲಿನ ಅಕ್ಷರ ಓದಲು ನೋಡುತ್ತಿದ್ದರು. ಅಮ್ಮ ಬೈಯುತ್ತಿದ್ದರು. ತಾನು ಕೈಯಾರೆ ಮಾಡಿದ ವಸ್ತು ದೇಶವೆಲ್ಲ ಉರುಳುತ್ತಿರುವುದನ್ನು ಕಂಡ ಮನುಷ್ಯನ ಕುತೂಹಲ ಅದು. ಸಾಫ್ಟ್‌ವೇರಿನಲ್ಲಿ ಸಂಬಳ ಎಣಿಸಿದ ನನಗೆ ಅಂಥದ್ದು ಒದಗಲಿಲ್ಲ.

ಆಗ ಯಲಹಂಕ ಎಂದರೆ ಎರಡು ಊರು. ಹಳೆಯದು ಓಲ್ಡ್ ಟೌನ್, ಹೊಸದು ನ್ಯೂ ಟೌನ್. ಬಸ್ಸಿನ ಬೋರ್ಡಿನ ಮೇಲೆ ಹೊಸದಕ್ಕೆ ಯಲಹಂಕ ಉಪನಗರ, ಇಂಗ್ಲಿಷಿನಲ್ಲಿ ಸ್ಯಾಟಲೈಟ್ ಟೌನ್. ಎರಡರ ನಡುವೆ ದೂರ ಹೆಚ್ಚಿಲ್ಲದಿದ್ದರೂ ರೀತಿಯೇ ಬೇರೆ. ಓಲ್ಡ್ ಟೌನಿನಲ್ಲಿ ಬೀದಿಗಳು ಜನ ನಡೆದು ಆದವು. ಸಂತೆ ಸರ್ಕಲ್ಲಿನಿಂದ ಒಳಗೆ ಹೊಕ್ಕರೆ ಗುಡಿ, ಮಸೀದಿ, ಬೀಜ ಗೊಬ್ಬರದ ಅಂಗಡಿ, ಹಗ್ಗ, ಕುಡುಗೋಲು, ಎತ್ತಿನ ಕೊರಳ ಗಂಟೆ. ಮಾತು ಕನ್ನಡ, ತೆಲುಗು, ಉರ್ದು ಮೂರೂ ಬೆರೆತದ್ದು. ಇತ್ತ ಉಪನಗರದಲ್ಲಿ ಗೃಹಮಂಡಳಿ ಗೆರೆ ಎಳೆದು ಮಾಡಿದ ಎ ಸೆಕ್ಟರ್, ಬಿ ಸೆಕ್ಟರ್, ಫೇಸ್‌ಗಳು. ಮನೆಗಳಿಗೆ ಆದಾಯದ ಪ್ರಕಾರ ಎಲ್.ಐ.ಜಿ., ಎಂ.ಐ.ಜಿ., ಎಚ್.ಐ.ಜಿ. ಎಂಬ ಹೆಸರು. ಅಕ್ಕಪಕ್ಕದಲ್ಲಿ ವಾಯುಪಡೆಯವರು, ಗಡಿ ಭದ್ರತಾ ಪಡೆಯವರು, ರೈಲ್ವೆಯವರು, ಎಸ್ಕಾರ್ಟ್ಸ್ ಕಾರ್ಖಾನೆಯವರು. ಮಲಯಾಳಿ, ಬಂಗಾಳಿ, ಬಿಹಾರಿ, ತಮಿಳರು. ನಾನು ಹಿಂದಿ ಕಲಿತದ್ದು ಶಾಲೆಯಲ್ಲಲ್ಲ, ಕ್ರಿಕೆಟ್ ಆಡುವ ಖಾಲಿ ಸೈಟಿನಲ್ಲಿ. ನಮ್ಮನ್ನು ಓಲ್ಡ್ ಟೌನಿನ ಹುಡುಗರು ‘ಕ್ವಾರ್ಟರ್ಸ್‌ನೋರು’ ಎನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ತಾತ್ಸಾರ ಇತ್ತು, ಸ್ವಲ್ಪ ಅಸೂಯೆಯೂ ಇತ್ತು ಎಂದು ಈಗ ತಿಳಿಯುತ್ತದೆ. ಅವರ ಅಪ್ಪಂದಿರ ಹೊಲಗಳ ಮೇಲೆಯೇ ನಮ್ಮ ಮನೆಗಳು ಎದ್ದಿದ್ದವು. ಆ ಮಾತನ್ನು ನಮ್ಮ ಕಡೆಯವರು ಯಾರೂ ಎತ್ತುತ್ತಿರಲಿಲ್ಲ.

ಮೆಜೆಸ್ಟಿಕ್ಕಿಗೆ ಹೊರಡುವವರು ‘ಬೆಂಗಳೂರಿಗೆ ಹೋಗಿ ಬರ್ತೀನಿ’ ಎನ್ನುತ್ತಿದ್ದರು. 402ರ ಸಾಲಿನ ಬಸ್ಸು ಹತ್ತಿ ಜಕ್ಕೂರು, ಕೃಷಿ ವಿಶ್ವವಿದ್ಯಾಲಯದ ಹೊಲ, ಬ್ಯಾಟರಾಯನಪುರ, ಹೆಬ್ಬಾಳದ ಕೆರೆ ದಾಟಿದ ಮೇಲೆ ಬೆಂಗಳೂರು. ದೊಡ್ಡ ಕಾಯಿಲೆಯಾದರೆ ಅಲ್ಲಿನ ವಿಕ್ಟೋರಿಯಾ ಆಸ್ಪತ್ರೆಗೇ ಹೋಗಬೇಕಿತ್ತು. ಒಳ್ಳೆಯ ಕಾಲೇಜು, ಮದುವೆಯ ಜವಳಿ, ಹೊಸ ಸಿನಿಮಾ ಎಲ್ಲ ಅಲ್ಲೇ. ರಾತ್ರಿ ಕೊನೆಯ ಬಸ್ಸು ತಪ್ಪಿತೆಂದರೆ ಹೆಬ್ಬಾಳದಿಂದಾಚೆ ಲಾರಿಗೆ ಕೈ ಒಡ್ಡುವುದೇ ಗತಿ. ಆಗಿನ ಯಲಹಂಕ ಸುಖವಾಗಿತ್ತು ಎನ್ನುವವರು ಯಾರೂ ಆ ಕೊನೆಯ ಬಸ್ಸನ್ನು ನೆನೆಸಿಕೊಳ್ಳುವುದಿಲ್ಲ.

ರೈಲಿನದೂ ಹಾಗೆಯೇ. ಯಲಹಂಕ ಜಂಕ್ಷನ್ನಿನಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಹಾಕಿದ ಎರಡೂವರೆ ಅಡಿ ಅಗಲದ ಹಳಿ ನಾವು ಬಂದಾಗಲೂ ಇತ್ತು. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಮೇಲೆ ಚಿಕ್ಕಬಳ್ಳಾಪುರ. ಮುಂದೆ ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಬಂಗಾರಪೇಟೆ. ಮೊಣಕಾಲಿಗೆ ಮೊಣಕಾಲು ತಾಗುವ ಸೀಟು. ಎದುರು ಕೂತವರ ಮಡಿಲಲ್ಲಿ ಹುರುಳಿಕಾಯಿ ಮೂಟೆ, ಕೋಳಿ, ಕೂಸು. ಚಿತ್ರದಲ್ಲಿ ನೋಡಲು ಚಂದ, ಕೂತು ಹೋಗಲು ಹಿಂಸೆ. ಬಸ್ಸು ಅರ್ಧ ಹೊತ್ತಿನಲ್ಲಿ ಮುಟ್ಟಿಸತೊಡಗಿದಾಗ ಜನ ರೈಲು ಬಿಟ್ಟರು. ಹಳಿ ಅಗಲ ಮಾಡುವ ಕೆಲಸ ಕಂತುಕಂತಾಗಿ ನಡೆದು ಕೋಲಾರದವರೆಗಿನ ಭಾಗ ಪೂರ್ತಿಯಾದದ್ದು 2013ರಲ್ಲಿ. ಅದೇ ಹಾದಿಯಲ್ಲಿ 2021ರಲ್ಲಿ ವಿಮಾನ ನಿಲ್ದಾಣಕ್ಕೊಂದು ಹಾಲ್ಟ್ ಸ್ಟೇಷನ್ ಮಾಡಿದರು. ಕೋಳಿ ಮೂಟೆ ಹೊತ್ತ ಹಾದಿಯಲ್ಲಿ ಈಗ ಚಕ್ರದ ಸೂಟ್‌ಕೇಸಿನವರೂ ಹೋಗುತ್ತಾರೆ. ಇದರಲ್ಲಿ ದುಃಖಪಡುವಂಥದ್ದು ನನಗೇನೂ ಕಾಣುವುದಿಲ್ಲ.

ವಾಯುಪಡೆಯ ನೆಲೆ ಊರಿಗೆ ಕೊಟ್ಟದ್ದು ಸದ್ದು. ತರಬೇತಿಯ ವಿಮಾನಗಳು ದಿನವಿಡೀ ಸುತ್ತು ಹಾಕುತ್ತಿದ್ದವು. ಮೇಷ್ಟ್ರು ಪಾಠದ ನಡುವೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಅದೇ ವಾಕ್ಯದಿಂದ ಮುಂದುವರಿಸುತ್ತಿದ್ದರು. 1996ರಲ್ಲಿ ಮೊದಲ ವೈಮಾನಿಕ ಪ್ರದರ್ಶನ ಆದಾಗಿನಿಂದ ಯಲಹಂಕದ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಊರಿನ ತಾರಸಿಗಳೆಲ್ಲ ಗ್ಯಾಲರಿ. ನೆಂಟರು ಚಾಪೆ, ಚಿತ್ರಾನ್ನದ ಡಬ್ಬಿ ಸಮೇತ ಬರುತ್ತಾರೆ. ಪ್ರದರ್ಶನದ ದಿನಗಳಲ್ಲಿ ಸುತ್ತ ಸುಮಾರು ಹತ್ತು ಕಿಲೋಮೀಟರಿನೊಳಗೆ ಮಾಂಸದಂಗಡಿ ಮುಚ್ಚಿಸುತ್ತಾರೆ. ಎಸೆದ ಮೂಳೆ, ಕರುಳಿಗೆ ಹದ್ದುಗಳು ಬರುತ್ತವೆ. ಹದ್ದು ವಿಮಾನಕ್ಕೆ ಬಡಿದರೆ ಜೀವಕ್ಕೆ ಅಪಾಯ. ಕಾರಣ ಸರಿಯಾದದ್ದೇ. ಆದರೆ ದಿನದ ದುಡಿಮೆಯ ಕಸಾಯಿ ಅಂಗಡಿಯವನಿಗೆ ಅಷ್ಟು ದಿನ ಆದಾಯವಿಲ್ಲ, ಪರಿಹಾರದ ಮಾತಿಲ್ಲ. 2019ರ ಪ್ರದರ್ಶನಕ್ಕೆ ಮುನ್ನಾ ದಿನ ಸೂರ್ಯಕಿರಣ ತಂಡದ ಎರಡು ವಿಮಾನಗಳು ಅಭ್ಯಾಸದಲ್ಲಿ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಅದೇ ವಾರ ವಾಹನ ನಿಲ್ಲಿಸಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರುಗಳು ಸುಟ್ಟುಹೋದವು. ಆ ಕಪ್ಪು ಹೊಗೆ ನಮ್ಮ ತಾರಸಿಯಿಂದ ಕಾಣುತ್ತಿತ್ತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇನೆ. ಹಳೆಯ ಯಲಹಂಕದಲ್ಲಿ ಏನು ಹೋಯಿತು ಎಂದು ಯಾರಾದರೂ ಕೇಳಿದರೆ ಮರ, ಕೆರೆ, ದ್ರಾಕ್ಷಿ ತೋಟ ಎಂಬ ಉತ್ತರ ಸಿದ್ಧವಾಗಿರುತ್ತದೆ. ದ್ರಾಕ್ಷಿ ತೋಟಗಳು ಹೋದವು, ನಿಜ. ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರಗಳು ರಾಜಾನುಕುಂಟೆ ಕಡೆಗೆ, ದೇವನಹಳ್ಳಿ ಕಡೆಗೆ ಹೊರಟರೆ ರಸ್ತೆ ಬದಿಯಲ್ಲೇ ಸಿಗುತ್ತಿದ್ದವು. ಆದರೆ ನನಗೆ ಅದಕ್ಕಿಂತ ದೊಡ್ಡ ನಷ್ಟವೆಂದು ಕಾಣುವುದು ಯಲಹಂಕ ನಗರಸಭೆ.

ಅದೇನೂ ಭವ್ಯ ಸಂಸ್ಥೆಯಲ್ಲ. 2001ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 93 ಸಾವಿರ. ಅಷ್ಟು ಜನಕ್ಕೆ ಒಂದು ಆಫೀಸು. ಜನನ ಪತ್ರ, ಕಂದಾಯ, ಖಾತೆ, ಬೀದಿ ದೀಪ, ಸತ್ತ ನಾಯಿ ಎಲ್ಲಕ್ಕೂ ಅದೇ ಬಾಗಿಲು. ಒಳಗೆ ದೂರಿನ ಪುಸ್ತಕ ಇರುತ್ತಿತ್ತು: ಉದ್ದನೆಯ ರಟ್ಟಿನ ರಿಜಿಸ್ಟರು, ದಾರ ಕಟ್ಟಿದ ಪೆನ್ನು. ನೀವು ಬರೆಯುವ ದೂರಿನ ಮೇಲೆ ಹಿಂದಿನವರ ದೂರು ಕಾಣುತ್ತಿತ್ತು. ಯಾವ ಕ್ರಾಸಿನಲ್ಲಿ ಚರಂಡಿ ಕಟ್ಟಿದೆ, ಯಾವ ಬೀದಿಯ ಬೋರ್‌ವೆಲ್ ಮೋಟಾರು ಸುಟ್ಟಿದೆ ಎಂದು ಅಲ್ಲಿ ಓದಿಯೇ ಇಡೀ ಊರಿನ ಸ್ಥಿತಿ ತಿಳಿಯಬಹುದಿತ್ತು. ಸದಸ್ಯರು ಸ್ಕೂಟರಿನಲ್ಲಿ ಓಡಾಡುವವರು. ಬೇಕರಿ ಮುಂದೆ ಟೀ ಕುಡಿಯುವಾಗ ಹಿಡಿದು ನಿಲ್ಲಿಸಿ ಕೇಳಬಹುದಿತ್ತು. ನೀರಿಗೆ ಆಗ ಬೋರ್‌ವೆಲ್ಲೇ ಆಧಾರ, ಅದೂ ದಿನ ಬಿಟ್ಟು ದಿನ. ಬೀದಿ ದೀಪ ಕೆಟ್ಟರೆ ವಾರಗಟ್ಟಲೆ ಕತ್ತಲು. ಆಡಳಿತ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಜಗಳವಾಡಲು ಒಂದು ಬಾಗಿಲಿತ್ತು, ಅದು ನಡೆದು ಹೋಗುವಷ್ಟು ಹತ್ತಿರವಿತ್ತು ಎನ್ನುತ್ತಿದ್ದೇನೆ. ಓಲ್ಡ್ ಟೌನ್, ನ್ಯೂ ಟೌನ್ ಒಂದೇ ಊರಾದದ್ದು ಎಲ್ಲಾದರೂ ಇದ್ದರೆ ಆ ಆಫೀಸಿನ ಸಾಲಿನಲ್ಲಿ. ‘ಕ್ವಾರ್ಟರ್ಸ್‌ನೋರು’ ಮತ್ತು ಹೊಲ ಕೊಟ್ಟವರು ಒಂದೇ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು.

2007ರಲ್ಲಿ ಯಲಹಂಕವೂ ಸೇರಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿ ಬೃಹತ್ ಮಹಾನಗರ ಪಾಲಿಕೆ ಮಾಡಿದರು. ಆಮೇಲೆ ಗುರುತಿಸಿದ 198 ವಾರ್ಡುಗಳ ಎಣಿಕೆ ನಮ್ಮಿಂದಲೇ ಶುರು: ಒಂದನೆಯದು ಕೆಂಪೇಗೌಡ ವಾರ್ಡ್, ಎರಡು ಚೌಡೇಶ್ವರಿ, ಮೂರು ಅಟ್ಟೂರು, ನಾಲ್ಕು ಯಲಹಂಕ ಉಪನಗರ. ಊರಿನ ಹಿರಿಯರು ಕೆಲವರು ಅದಕ್ಕೇ ಖುಷಿಪಟ್ಟರು. ಒಂದು ಊರು ನಾಲ್ಕು ವಾರ್ಡಾದರೆ ಊರಿನ ಪರವಾಗಿ ಮಾತಾಡುವ ಸಭೆ ಇರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. 198 ಸದಸ್ಯರ ನಡುವೆ ನಾಲ್ವರು ಏನು ಹೇಳಿದರೂ ಎಷ್ಟು ಕೇಳಿಸೀತು? 2020ರ ಸೆಪ್ಟೆಂಬರಿನಲ್ಲಿ ಆ ಕೌನ್ಸಿಲಿನ ಅವಧಿಯೂ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅಧಿಕಾರಿಗಳ ಆಡಳಿತವಾಯಿತು. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದು ನಮ್ಮನ್ನು ಉತ್ತರಕ್ಕೆ ಹಾಕಿದರು. ದೂರು ಕೊಡಲು ಈಗ ಮೊಬೈಲಿನಲ್ಲಿ ಆ್ಯಪ್ ಇದೆ. ಅದರಲ್ಲಿ ನನ್ನ ದೂರು ನನಗೆ ಕಾಣುತ್ತದೆ. ರಟ್ಟಿನ ರಿಜಿಸ್ಟರಿನಲ್ಲಿ ಕಾಣುತ್ತಿದ್ದಂತೆ ಇಡೀ ಊರು ಅಲ್ಲಿ ಕಾಣುವುದಿಲ್ಲ.

ಪಾಲಿಕೆಗೆ ಸೇರಿದ್ದರಿಂದ ಬಂದದ್ದನ್ನೂ ಹೇಳಬೇಕು. ಕಾವೇರಿ ನೀರು ಬಂತು. ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟ 2012ರಲ್ಲಿ ಪೂರ್ತಿಯಾಗಿ ಹೊರವಲಯಕ್ಕೆ ನದಿಯ ನೀರು ಹರಿಯಿತು. ಜನ ಅದಕ್ಕೆ ವರ್ಷಗಳ ಮೊದಲೇ ಸೈಟಿನ ಅಳತೆಗೆ ತಕ್ಕಂತೆ ವಂತಿಗೆ ಕಟ್ಟಿದ್ದರು. ಮೊದಲ ದಿನ ನಲ್ಲಿಯಲ್ಲಿ ಬಂದ ನೀರನ್ನು ಅಮ್ಮ ಲೋಟಕ್ಕೆ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯದ ಕಷ್ಟ ಅನುಭವಿಸಿದವರಿಗೆ ಅದರ ಬೆಲೆ ಗೊತ್ತು. ಆಸ್ಪತ್ರೆಗಳಾದವು. ಎಂಜಿನಿಯರಿಂಗ್ ಕಾಲೇಜುಗಳಾದವು. ಉಪನಗರದ ಎಲ್.ಐ.ಜಿ. ಮನೆಗಳನ್ನು ಕೊಂಡವರು ಅವನ್ನು ಕೆಡವಿ ನಾಲ್ಕಂತಸ್ತು ಏರಿಸಿ ಹುಡುಗರಿಗೆ ಪಿ.ಜಿ. ಮಾಡಿದ್ದಾರೆ. ನಿವೃತ್ತರಾದ ಕಾರ್ಮಿಕರಿಗೆ ಆ ಬಾಡಿಗೆಯೇ ಪಿಂಚಣಿಗಿಂತ ದೊಡ್ಡ ಆದಾಯ. ನಮ್ಮ ಬೀದಿಯಲ್ಲಿ ಹಳೆಯ ಗೃಹಮಂಡಳಿ ಮನೆಯ ಆಕಾರ ಉಳಿದಿರುವುದು ಒಂದೆರಡಕ್ಕೆ ಮಾತ್ರ. ಆ ಮನೆಯವರಿಗೂ ಬಿಲ್ಡರುಗಳ ಕರೆ ಬರುತ್ತಲೇ ಇರುತ್ತದೆ.

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆ ನಮ್ಮ ರಸ್ತೆಯಾಗಿ ಉಳಿಯಲಿಲ್ಲ. ಹೆಬ್ಬಾಳದ ಕಡೆಯಿಂದ ಮೇಲ್ರಸ್ತೆ ಕಟ್ಟಿ 2014ರಲ್ಲಿ ಬಿಟ್ಟರು. ಅದರ ಮೇಲೆ ಹೋಗುವವರಿಗೆ ಯಲಹಂಕ ಎಂದರೆ ಒಂದು ಹಸಿರು ಬೋರ್ಡು. ಕೆಳಗೆ ಕೋಗಿಲು ಕ್ರಾಸಿನಲ್ಲಿ ಶಾಲೆ ಮಕ್ಕಳು ರಸ್ತೆ ದಾಟಲು ಪೊಲೀಸರ ಕೈ ಕಾಯುತ್ತಾರೆ. ಉಪನಗರದ ಮುಖ್ಯ ರಸ್ತೆಯೊಂದಕ್ಕೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. 2008ರ ಮುಂಬೈ ದಾಳಿಯಲ್ಲಿ ಹೋರಾಡಿ ಮಡಿದ ಅವರು ಬೆಂಗಳೂರಿನಲ್ಲಿ ಬೆಳೆದವರು. ಎನ್.ಇ.ಎಸ್. ಎಂಬ ಬಸ್ ನಿಲ್ದಾಣದ ಹೆಸರು ಐವತ್ತರ ದಶಕದ ರಾಷ್ಟ್ರೀಯ ವಿಸ್ತರಣಾ ಸೇವೆಯ ಆಫೀಸಿನದು. ರೈತರಿಗೆ ಬಿತ್ತನೆ ಬೀಜ, ಗೊಬ್ಬರ, ಸಾಲದ ದಾರಿ ಹೇಳಲು ಶುರುವಾದ ಯೋಜನೆ ಅದು. ಕಂಡಕ್ಟರು ಕೂಗುತ್ತಾನೆ, ಜನ ಇಳಿಯುತ್ತಾರೆ. ನಮ್ಮೂರಲ್ಲಿ ಬೇಸಾಯ ಇತ್ತು ಎನ್ನಲು ಹೊಸಬರಿಗೆ ಸಿಗುವ ಗುರುತು ಅಷ್ಟೇ.

ಕೆರೆಯ ವಿಷಯ ಬೇರೆಯಾಗಿ ಹೇಳಬೇಕು. ಸುಮಾರು 300 ಎಕರೆಯ ಯಲಹಂಕ ಕೆರೆ ನಾವು ಹುಡುಗರಾಗಿದ್ದಾಗ ಬೇಸಿಗೆಯಲ್ಲಿ ಅರ್ಧಕ್ಕರ್ಧ ಒಣಗಿ ದನ ಮೇಯುವ ಬಯಲಾಗುತ್ತಿತ್ತು. ಈಗ ಅದಕ್ಕೆ ಬೇಲಿ, ನಡಿಗೆಯ ಹಾದಿ ಇವೆ. ನೋಡಲು ಆಗಿನದಕ್ಕಿಂತ ಚೆನ್ನಾಗಿದೆ. ಪುಟ್ಟೇನಹಳ್ಳಿಯ ಸಣ್ಣ ಕೆರೆಯಲ್ಲಿ ಬಕ, ಕೊಕ್ಕರೆ, ಹಾವಕ್ಕಿಗಳು ಗೂಡು ಕಟ್ಟುವುದನ್ನು ಹಕ್ಕಿ ನೋಡುವವರು ವರ್ಷಗಟ್ಟಲೆ ದಾಖಲಿಸಿ, ಬೆನ್ನು ಹತ್ತಿ, ಕೊನೆಗೆ 2015ರಲ್ಲಿ ಸರ್ಕಾರ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಊರಿನವರು ಕೇಳಿ ಪಡೆದದ್ದು ಎಂದು ನಾನು ಧೈರ್ಯವಾಗಿ ಹೇಳಬಹುದಾದದ್ದು ಇದೊಂದೇ.

ಹಿಂದಿನವರು ಕೆರೆಯನ್ನು ಒಂಟಿಯಾಗಿ ಕಟ್ಟುತ್ತಿರಲಿಲ್ಲ. ಯಲಹಂಕ ಕೆರೆ ಕೋಡಿ ಬಿದ್ದರೆ ನೀರು ಜಕ್ಕೂರಿಗೆ, ಜಕ್ಕೂರು ತುಂಬಿದರೆ ರಾಚೇನಹಳ್ಳಿಗೆ. ನೀರು ನಡೆಯುವ ರಾಜಕಾಲುವೆ ಹಳೆಯ ಗ್ರಾಮ ನಕ್ಷೆಗಳಲ್ಲಿ ಅಗಲ ಸಮೇತ ಇದೆ. 2021ರ ನವೆಂಬರಿನಲ್ಲಿ ಕೆರೆ ತುಂಬಿ, ಕಾಲುವೆ ಹಿಡಿಸದೆ, ಕೇಂದ್ರೀಯ ವಿಹಾರ ಎಂಬ 600ಕ್ಕೂ ಹೆಚ್ಚು ಮನೆಗಳ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. ಮುಖ್ಯಮಂತ್ರಿಗಳು ಬಂದು ನೋಡಿದರು. ಕಾಲುವೆ ಅಗಲ ಮಾಡುವ ಮಾತಾಯಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಸಮುಚ್ಚಯ, ಅದೇ ನೀರು. ನಿವೃತ್ತ ಕೇಂದ್ರ ನೌಕರರನ್ನು, ನಡೆಯಲಾಗದ ಮುದುಕರನ್ನು ದೋಣಿಯಲ್ಲೂ ಟ್ರ್ಯಾಕ್ಟರಿನಲ್ಲೂ ಹೊರಗೆ ತಂದರು. ಗೇಟಿನ ಬಳಿ ಔಷಧಿಯ ಚೀಲ ಎದೆಗೆ ಅವುಚಿಕೊಂಡು ನಿಂತಿದ್ದ ಹೆಂಗಸೊಬ್ಬರು, ಹೋದ ಸಲ ತೆಗೆದಿಟ್ಟ ಫ್ರಿಜ್ಜನ್ನು ಈ ಸಲ ತೆಗೆಯಲಾಗಲಿಲ್ಲ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು.

ನಗರಸಭೆ ಇದ್ದಿದ್ದರೆ ಇದು ತಪ್ಪುತ್ತಿತ್ತೇ? ತಪ್ಪುತ್ತಿತ್ತು ಎಂದು ಪ್ರಮಾಣ ಮಾಡಲಾರೆ. ಆದರೆ ಮರುದಿನ ಬೆಳಿಗ್ಗೆ ಆ ಆಫೀಸಿನ ಮುಂದೆ ಸಾವಿರ ಜನ ನಿಲ್ಲುತ್ತಿದ್ದರು, ಒಳಗೆ ಕೂತವನು ಓಲ್ಡ್ ಟೌನಿನ ಯಾವುದೋ ಮನೆಯ ಮಗನೋ ಅಳಿಯನೋ ಆಗಿರುತ್ತಿದ್ದ, ಸಂಜೆಗೆ ತಪ್ಪಿಸಿಕೊಂಡು ಹೋಗಲು ಅವನಿಗೆ ಬೇರೆ ಊರಿರುತ್ತಿರಲಿಲ್ಲ. ಎರಡು ನೆರೆಗಳ ನಡುವಿನ ಮೂರು ವರ್ಷದಲ್ಲಿ ಯಲಹಂಕದಿಂದ ಆರಿಸಿ ಬಂದ ವಾರ್ಡ್ ಸದಸ್ಯ ಒಬ್ಬರೂ ಇರಲಿಲ್ಲ ಎಂಬುದು ಲೆಕ್ಕಕ್ಕೆ ಬರದ ಸಂಗತಿಯಲ್ಲ.

ಅಪ್ಪ ಗಾಲಿ ಕಾರ್ಖಾನೆಯಲ್ಲಿ ನಿವೃತ್ತರಾಗಿ ಬಹಳ ಕಾಲವಾಯಿತು. ಕೆಂಪೇಗೌಡರ 108 ಅಡಿಯ ಪ್ರತಿಮೆಯನ್ನು 2022ರಲ್ಲಿ ವಿಮಾನ ನಿಲ್ದಾಣದ ಬಳಿ ನಿಲ್ಲಿಸಿದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. ಯಲಹಂಕ ನಾಡಪ್ರಭುಗಳ ಪ್ರತಿಮೆ ನೋಡಲು ಯಲಹಂಕ ದಾಟಿ ಹೋಗಬೇಕು. ನನಗೆ ಅದಕ್ಕೂ ತಕರಾರಿಲ್ಲ, ನಮ್ಮೂರಲ್ಲಿ ಪ್ರತಿಮೆ ಬೇಕಾಗಿಯೂ ಇಲ್ಲ. ಬೇಕಾಗಿರುವುದು ಎರಡು. ವಾರ್ಡಿನ ಚುನಾವಣೆ ತಪ್ಪದೆ, ಅವಧಿ ಮುಗಿಯುವ ಮೊದಲೇ ನಡೆಯಬೇಕು. ಯಲಹಂಕ ಕೆರೆಯ ಕೋಡಿಯಿಂದ ಜಕ್ಕೂರಿನ ತನಕ ರಾಜಕಾಲುವೆ ಎಲ್ಲಿ ಎಷ್ಟು ಅಗಲ ಇರಬೇಕಿತ್ತು, ಈಗ ಎಷ್ಟಿದೆ ಎಂಬ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಸಂತೆ ಸರ್ಕಲ್ಲಿನಲ್ಲೂ ಉಪನಗರದ ಬಸ್ ನಿಲ್ದಾಣದಲ್ಲೂ ತೂಗುಹಾಕಬೇಕು. ಕಾಲುವೆಯ ಮೇಲೆ ಯಾರ ಕಾಂಪೌಂಡ್ ಇದೆ ಎಂದು ಊರಿನವರೇ ಬೆರಳಿಟ್ಟು ತೋರಿಸುತ್ತಾರೆ.